ಕಡಲತೀರದ ಇ-ಬೈಕ್ ಟೂರ್: ಸುಖ ಹೋಗುವಾಗ, ಪರೀಕ್ಷೆ ಬರುವಾಗ

ಗೈಡ್ ಜೊತೆ ಇ-ಬೈಕ್ ಹತ್ತಿ ಉಷ್ಣವಲಯದ ಕಡಲತೀರ ಸುತ್ತುವ ಅರ್ಧ ದಿನದ ಟೂರ್‌ಗಳ ಪ್ಯಾಕೇಜ್ ಎಲ್ಲಿ ಹೋದರೂ ಹೆಚ್ಚುಕಡಿಮೆ ಒಂದೇ. 25ರಿಂದ 35 ಕಿ.ಮೀ., ಮೂರೂವರೆ–ನಾಲ್ಕು ಗಂಟೆ, ಆರೆಂಟು ಜನರ ಗುಂಪು, ಒಂದಿಷ್ಟು ಟಾರು ರಸ್ತೆ, ಒಂದಿಷ್ಟು ತೆಂಗಿನ ತೋಪಿನ ಕಾಲುಹಾದಿ, ಒಂದೆರಡು ಗುಡ್ಡ, ನಡುವೆ ಮರಳಿನ ಮೇಲೆ ಒಂದು ಓಟ. ಬೋರ್ಡು, ಬೈಕಿನ ಬಣ್ಣ, ಗೈಡ್ ಹಾಕಿದ ಟೀ ಶರ್ಟ್ ಮಾತ್ರ ಬೇರೆ ಬೇರೆ. ಹಾಗಾಗಿ ಇಲ್ಲಿ ಯಾವುದೋ ಒಂದು ಕಂಪನಿಯನ್ನು ಹೊಗಳುವ ತೆಗಳುವ ಕೆಲಸ ಇಲ್ಲ. ಈ ಸೇವೆಯಲ್ಲಿ ಏನು ಚೆನ್ನಾಗಿರುತ್ತದೆ, ಎಲ್ಲಿ ಕೈಕೊಡುತ್ತದೆ, ಯಾಕೆ ಕೈಕೊಡುತ್ತದೆ, ಬುಕ್ ಮಾಡುವ ಮುಂಚೆ ಏನು ಕೇಳಬೇಕು ಅನ್ನುವುದಷ್ಟೇ ವಿಷಯ.

ಹೋಗುವಾಗ ಎಲ್ಲ ಟೂರೂ ಚೆಂದವೇ. ಬ್ಯಾಟರಿ ಫುಲ್, ಎಳೆಬಿಸಿಲು, ಬೆನ್ನಿಗೆ ಗಾಳಿ, ಇಳಿತದ ಗಟ್ಟಿ ಮರಳು. ಮೂರು ಗಂಟೆ ಕಳೆಯುವಷ್ಟರಲ್ಲಿ ಈ ನಾಲ್ಕೂ ತಿರುಗಿಬೀಳುತ್ತವೆ. ಮಾಮೂಲಿ ಸೈಕಲ್ಲಾದರೆ ಎಷ್ಟು ದೂರ ಬಂದೆವೆಂದು ತೊಡೆಗಳೇ ಹೇಳುತ್ತವೆ. ಮೋಟಾರ್ ಆ ಸುದ್ದಿಯನ್ನು ಮುಚ್ಚಿಡುತ್ತದೆ. ವಾಪಸ್ ದಾರಿಯ ಲೆಕ್ಕವನ್ನು ಮೊದಲು ಹಾಕಿ, ಹೊರಡುವ ಹೊತ್ತನ್ನು ಆಮೇಲೆ ಗೊತ್ತುಮಾಡುವ ಟೂರ್ ಒಳ್ಳೆಯ ಟೂರ್. ಗೈಡ್‌ಗೆ ದುಡ್ಡು ಕೊಡುವುದು ಆ ಲೆಕ್ಕಕ್ಕೆ. ಇಲ್ಲದಿದ್ದರೆ ಗೈಡ್ ಇಲ್ಲದೆ ಬರಿ ಬೈಕೇ ಬಾಡಿಗೆಗೆ ಸಿಗುತ್ತದೆ, ಅದು ಅಗ್ಗವೂ ಹೌದು.

ಹೊರಡುವ ಹೊತ್ತು

ವರ್ಷವಿಡೀ ದಿನಾ ಬೆಳಿಗ್ಗೆ 7ಕ್ಕೆ ಬೀಚ್ ರೈಡ್ ಎಂದು ಟೈಮ್ ಟೇಬಲ್ ಹಾಕಿದ್ದರೆ ಅಲ್ಲೇ ಒಂದು ಅನುಮಾನ ಇಟ್ಟುಕೊಳ್ಳಿ. ಹೆಚ್ಚಿನ ಕರಾವಳಿಗಳಲ್ಲಿ ಒಂದು ಉಬ್ಬರದಿಂದ ಇನ್ನೊಂದಕ್ಕೆ 12 ಗಂಟೆ 25 ನಿಮಿಷ. ಅಂದರೆ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತಾ ಹೋಗುತ್ತದೆ. ಇವತ್ತು 7ಕ್ಕೆ ಇಳಿತ ಇದ್ದರೆ ಒಂದು ವಾರ ಬಿಟ್ಟು ಅದೇ 7ಕ್ಕೆ ನೀರು ದಂಡೆಗೆ ಹತ್ತಿರುತ್ತದೆ, ಬೈಕಿಗೆ ಉಳಿಯುವುದು ಮೇಲಿನ ಒಣ ಸಡಿಲ ಮರಳು ಮಾತ್ರ. ಗಡಿಯಾರಕ್ಕೆ ಅಂಟಿಕೊಂಡ ಟೂರ್ ಒಂದೋ ಮರಳಿಗೆ ಇಳಿಯುವುದೇ ಇಲ್ಲ, ಇಲ್ಲವೇ ಇಳಿಯಬಾರದ ಹೊತ್ತಿನಲ್ಲಿ ಇಳಿಯುತ್ತದೆ. ಉಬ್ಬರದ ಪಟ್ಟಿ ನೋಡಿ ವಾರವಾರವೂ ಹೊತ್ತು ಬದಲಿಸುವವರು, ಇಲ್ಲವೇ ಹೊತ್ತು ಅದೇ ಇಟ್ಟುಕೊಂಡು ದಾರಿಯ ಕ್ರಮವನ್ನು ಹಿಂದುಮುಂದು ಮಾಡುವವರು ನಂಬಿಕೆಗೆ ಅರ್ಹರು.

ಮರಳಿನ ಓಟಕ್ಕೆ ಸರಿಯಾದ ಹೊತ್ತು ಪೂರ್ತಿ ಇಳಿತಕ್ಕೆ ಎರಡು ಗಂಟೆ ಮೊದಲು ಶುರುವಾಗಿ, ಒಂದೂವರೆ ಗಂಟೆ ಆಮೇಲೆ ಮುಗಿಯುತ್ತದೆ. ಇದಕ್ಕೆ ಕಾರಣ ಇದೆ. ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಆರು ಗಂಟೆಯ ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಗೆ ಒಂದು ಪಾಲು, ಎರಡನೆಯದಕ್ಕೆ ಎರಡು, ಮೂರು ಮತ್ತು ನಾಲ್ಕನೆಯ ಗಂಟೆಗೆ ಮೂರು ಮೂರು, ಆಮೇಲೆ ಎರಡು, ಕೊನೆಗೆ ಒಂದು. ಇದು ಅಂದಾಜಿನ ಸೂತ್ರ, ಆದರೂ ಕೆಲಸಕ್ಕೆ ಬರುತ್ತದೆ. ಇಳಿತ ಮುಗಿದ ಮೊದಲ ಗಂಟೆಯಲ್ಲಿ ಏನೂ ಆಗುತ್ತಿಲ್ಲವೆನಿಸಿ ಫೋಟೋ ತೆಗೆಯುತ್ತಾ ನಿಂತವರು, ಮೂರನೆಯ ಗಂಟೆಯಲ್ಲಿ ಬಂಡೆ ಮೂಲೆ ದಾಟಲಾಗದೆ ಸಿಕ್ಕಿಬೀಳುತ್ತಾರೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಇಳಿತ ಹೆಚ್ಚು ದೂರ ಹೋಗಿ ಅಗಲವಾದ ಗಟ್ಟಿ ಮರಳು ಸಿಗುತ್ತದೆ, ಆದರೆ ವಾಪಸ್ ಬರುವ ನೀರೂ ಅಷ್ಟೇ ಜೋರು. ಕೆರಿಬಿಯನ್‌ನಂಥ ಕಡೆ ಏರಿಳಿತ ಬಹಳ ಕಡಿಮೆ, ಅಲ್ಲಿ ಉಬ್ಬರಕ್ಕಿಂತ ಅಲೆಯ ಎತ್ತರವೇ ನೋಡಬೇಕಾದದ್ದು.

ಗಾಳಿಯ ಕಥೆ ಬೇರೆ. ಬೆಳಗಿನ ಹೊತ್ತು ತೀರದಲ್ಲಿ ಗಾಳಿ ಮಂದ. ನೆಲ ಕಾಯುತ್ತಿದ್ದಂತೆ ಹತ್ತು–ಹನ್ನೊಂದರ ಹೊತ್ತಿಗೆ ಕಡಲಗಾಳಿ ಎದ್ದು ಮಧ್ಯಾಹ್ನದ ಮೇಲೆ ಬಲವಾಗುತ್ತದೆ. ಅದು ಸಾಮಾನ್ಯವಾಗಿ ಪಕ್ಕದಿಂದ ಓರೆಯಾಗಿ ಹೊಡೆಯುತ್ತದೆ. ವಾಣಿಜ್ಯ ಮಾರುತ ಬೀಸುವ ತೀರಗಳಲ್ಲಾದರೆ ಒಂದು ದಿಕ್ಕು ನೇರ ಎದುರುಗಾಳಿಯೇ. 20 ಕಿ.ಮೀ. ವೇಗದಲ್ಲಿ ಹೋಗುವಾಗ ಎದುರಿಗೆ 15 ಕಿ.ಮೀ. ಗಾಳಿ ಇದ್ದರೆ ಗಾಳಿಯ ತಡೆ ಮೂರು ಪಟ್ಟಾಗುತ್ತದೆ, ಏಕೆಂದರೆ ತಡೆ ಬೆಳೆಯುವುದು ವೇಗದ ವರ್ಗದ ಲೆಕ್ಕದಲ್ಲಿ. ಬ್ಯಾಟರಿ ಸೋರುವುದು ಇಲ್ಲೇ. ಗಾಳಿಗೆ ಎದುರಾಗಿ ಹೊರಟು, ಬೆನ್ನಿಗೆ ಹಾಕಿಕೊಂಡು ಮರಳುವುದು ಸರಿಯಾದ ಕ್ರಮ. ಎಷ್ಟೋ ಟೂರ್‌ಗಳು ತದ್ವಿರುದ್ಧ ಮಾಡುತ್ತವೆ, ಯಾಕೆಂದರೆ ಮೊದಲ ಅರ್ಧ ಗಂಟೆ ಖುಷಿಯಾಗಿದ್ದರೆ ಗಿರಾಕಿಗಳ ಮುಖ ಅರಳುತ್ತದೆ.

ಬ್ಯಾಟರಿ ಲೆಕ್ಕ

ಬ್ಯಾಟರಿಯ ಮೇಲೆ ಎರಡು ಸಂಖ್ಯೆ ಬರೆದಿರುತ್ತದೆ, ವೋಲ್ಟ್ ಮತ್ತು ಆಂಪಿಯರ್-ಅವರ್. ಎರಡನ್ನೂ ಗುಣಿಸಿದರೆ ವ್ಯಾಟ್-ಅವರ್. 36 ವೋಲ್ಟ್, 10 ಆಂಪಿಯರ್-ಅವರ್ ಅಂದರೆ 360. 48 ವೋಲ್ಟ್, 14 ಆಂಪಿಯರ್-ಅವರ್ ಅಂದರೆ 672. ಸಣ್ಣ ಟೈರಿನ ಹಗುರ ಬೈಕು ಟಾರು ರಸ್ತೆಯಲ್ಲಿ ಕಡಿಮೆ ಅಸಿಸ್ಟ್‌ನಲ್ಲಿ (ತುಳಿತಕ್ಕೆ ಮೋಟಾರ್ ಕೊಡುವ ನೆರವಿನ ಮಟ್ಟ) ಕಿ.ಮೀ.ಗೆ 7ರಿಂದ 10 ವ್ಯಾಟ್-ಅವರ್ ತಿನ್ನುತ್ತದೆ. ನಾಲ್ಕು ಇಂಚಿನ ದಪ್ಪ ಟೈರಿನ ಬೈಕು ಒದ್ದೆ ಮರಳಿನ ಮೇಲೆ 15ರಿಂದ 20. ಒಣ ಸಡಿಲ ಮರಳಿಗೆ ಇಳಿದರೆ 30ಕ್ಕೂ ಮೇಲೆ. ದಪ್ಪ ಟೈರಿನ ಬೈಕಿಗೆ 360ರ ಬ್ಯಾಟರಿ ಹಾಕಿ 30 ಕಿ.ಮೀ. ಕರೆದೊಯ್ಯುತ್ತೇವೆ ಎನ್ನುವವರ ಲೆಕ್ಕ ಕಾಗದದ ಮೇಲೂ ಕೂಡುವುದಿಲ್ಲ. 672ರಲ್ಲಿ ಐದನೇ ಒಂದು ಪಾಲು ಮೀಸಲಿಟ್ಟು, ಕಿ.ಮೀ.ಗೆ 18ರಂತೆ ಹಿಡಿದರೂ 30 ಕಿ.ಮೀ. ದಕ್ಕುತ್ತದೆ. ಬುಕ್ ಮಾಡುವಾಗ 'ಎಷ್ಟು ಕಿ.ಮೀ. ಓಡುತ್ತದೆ' ಎಂದು ಕೇಳಬೇಡಿ, ಜಾಹೀರಾತಿನ ಉತ್ತರ ಬರುತ್ತದೆ. ವೋಲ್ಟ್ ಎಷ್ಟು, ಆಂಪಿಯರ್-ಅವರ್ ಎಷ್ಟು, ಅದರಲ್ಲಿ ಮರಳಿನ ದಾರಿ ಎಷ್ಟು ಎಂದು ಕೇಳಿ.

ಮಧ್ಯಾಹ್ನದ ಬ್ಯಾಚ್‌ಗೆ ಹೋಗುವವರು ಇನ್ನೊಂದು ಪ್ರಶ್ನೆ ಕೇಳಲೇಬೇಕು: ಇದು ಬೆಳಿಗ್ಗೆ ಹೋಗಿ ಬಂದ ಬ್ಯಾಟರಿಯೇ? ಸಾಮಾನ್ಯ ಚಾರ್ಜರ್ ಕೊಡುವುದು 2 ಆಂಪಿಯರ್. 14 ಆಂಪಿಯರ್-ಅವರ್ ಬ್ಯಾಟರಿ ಅದರಲ್ಲಿ ತುಂಬಲು ಏಳು ಗಂಟೆಯ ಮೇಲೆ ಬೇಕು. ಬೆಳಗಿನ ಗುಂಪು ಹನ್ನೊಂದೂವರೆಗೆ ಬಂದು, ಮುಂದಿನದು ಎರಡೂವರೆಗೆ ಹೊರಡುತ್ತದೆ ಎನ್ನೋಣ. ಬಿಸಿಯಾದ ಬ್ಯಾಟರಿಯನ್ನು ಅರ್ಧ ಗಂಟೆಯಾದರೂ ಆರಲು ಬಿಡಬೇಕು. 45 ಡಿಗ್ರಿ ದಾಟಿದ ಲಿಥಿಯಂ ಸೆಲ್‌ಗೆ ಚಾರ್ಜ್ ಹಾಕಿದರೆ ಆಯಸ್ಸು ಕಡಿಮೆಯಾಗುತ್ತದೆ. ಉಳಿದ ಎರಡೂವರೆ ಗಂಟೆಯಲ್ಲಿ ಒಳಗೆ ಹೋಗುವುದು 5 ಆಂಪಿಯರ್-ಅವರ್, ಅಂದರೆ ಶೇ 36. ಬೆಳಿಗ್ಗೆ ಶೇ 25 ಉಳಿಸಿ ಬಂದಿದ್ದರೆ ಮಧ್ಯಾಹ್ನದವರಿಗೆ ಸಿಗುವುದು ಶೇ 60ರಷ್ಟು, ಅದೂ ಜೋರು ಗಾಳಿಯ ಹೊತ್ತಿನಲ್ಲಿ. ಬದಲಿ ಬ್ಯಾಟರಿ ಸೆಟ್ ಇಟ್ಟುಕೊಂಡವರು ಈ ಪ್ರಶ್ನೆಗೆ ತಡವರಿಸದೆ ಉತ್ತರ ಕೊಡುತ್ತಾರೆ.

ಡಿಸ್‌ಪ್ಲೇಯಲ್ಲಿನ ಐದು ಗೆರೆಗಳನ್ನು ನೆಚ್ಚಿಕೊಳ್ಳುವುದಕ್ಕಿಂತ ವೋಲ್ಟೇಜ್ ಸಂಖ್ಯೆ ನೋಡುವುದು ಒಳ್ಳೆಯದು. ಬಹುತೇಕ ಡಿಸ್‌ಪ್ಲೇಗಳಲ್ಲಿ ಬಟನ್ ಒತ್ತಿದರೆ ಅದು ಬರುತ್ತದೆ. 48 ವೋಲ್ಟಿನ ಬ್ಯಾಟರಿ ತುಂಬಿದಾಗ 54ರ ಮೇಲಿರುತ್ತದೆ, 48ರ ಹತ್ತಿರ ಬಂದರೆ ಹೆಚ್ಚುಕಡಿಮೆ ಅರ್ಧ, 44ಕ್ಕಿಂತ ಕೆಳಗೆ ಹೋದರೆ ತಳ ಕಂಡಂತೆ. ಗುಡ್ಡ ಹತ್ತುವಾಗ ಈ ಸಂಖ್ಯೆ ಎರಡು ಮೂರು ವೋಲ್ಟ್ ಕುಸಿದು, ನಿಂತ ಮೇಲೆ ಏರುತ್ತದೆ. ಆದ್ದರಿಂದ ನಿಂತಾಗ, ಒಂದು ನಿಮಿಷ ಬಿಟ್ಟು ಓದಬೇಕು. ಹಳೆಯ ಬ್ಯಾಟರಿಯ ಗುರುತು ಇದೇ: ಸಮತಟ್ಟಿನಲ್ಲಿ ಮೂರು ಗೆರೆ ತೋರಿಸಿ ಏರಿನಲ್ಲಿ ಏಕಾಏಕಿ ಆಫ್ ಆಗುತ್ತದೆ. ಒಳಗಿನ ಒಂದು ಸೆಲ್ ಗುಂಪು ಸೋತರೆ ಸಾಕು, ರಕ್ಷಣಾ ಸರ್ಕ್ಯೂಟ್ ಇಡೀ ಬ್ಯಾಟರಿಯನ್ನೇ ನಿಲ್ಲಿಸುತ್ತದೆ. ಒಂದು ನಿಮಿಷ ಬಿಟ್ಟು ಮತ್ತೆ ಆನ್ ಮಾಡಿ ಅಸಿಸ್ಟ್ 1ರಲ್ಲಿ ಹೋದರೆ ಸಾಮಾನ್ಯವಾಗಿ ಇನ್ನಷ್ಟು ದೂರ ಎಳೆಯುತ್ತದೆ. ಹೊರಡುವ ಮುಂಚೆಯೇ ನೋಡಿಕೊಂಡರೆ ಬೈಕ್ ಬದಲಿಸಿಕೊಳ್ಳಬಹುದು: ಕಟ್ಟೆಯ ಪಕ್ಕ ಬ್ರೇಕ್ ಹಿಡಿದು ನಿಂತು ಸಂಖ್ಯೆ ಓದಿ, ಅಂಗಳದಲ್ಲಿ ಹೆಚ್ಚಿನ ಅಸಿಸ್ಟ್‌ನಲ್ಲಿ ಒಂದು ಸುತ್ತು ಬಂದು, ಓಡುವಾಗ ಎಷ್ಟು ಬಿದ್ದಿತೆಂದು ನೋಡಿ. ಪಕ್ಕದವರ ಬೈಕಿಗಿಂತ ತುಂಬಾ ಜಾಸ್ತಿ ಬಿದ್ದರೆ ಬೇರೆ ಕೇಳಿ.

ಇಳಿಜಾರಿನಲ್ಲಿ ಬ್ಯಾಟರಿ ತಾನಾಗಿ ತುಂಬಿಕೊಳ್ಳುತ್ತದೆ ಎಂದು ಯಾವ ಗೈಡ್ ಹೇಳಿದರೂ ನಂಬಬೇಡಿ. ಟೂರ್ ಬೈಕುಗಳಲ್ಲಿ ಬರುವ, ಚಕ್ರದ ನಡುವೆ ಕೂರುವ ಗೇರ್ಡ್ ಹಬ್ ಮೋಟಾರಿನಲ್ಲಾಗಲಿ, ಪೆಡಲ್ ಬಳಿ ಕೂರುವ ಮಿಡ್ ಡ್ರೈವ್‌ನಲ್ಲಾಗಲಿ ಆ ವ್ಯವಸ್ಥೆಯೇ ಇರುವುದಿಲ್ಲ.

ಬೈಕ್ ಕೈಗೆ ಬಂದಾಗ

ಮೋಟಾರಿನ ವ್ಯಾಟ್‌ಗಿಂತ ಸೆನ್ಸರ್ ಯಾವುದು ಎನ್ನುವುದು ಸವಾರಿಯ ಸ್ವಭಾವವನ್ನು ಹೆಚ್ಚು ನಿರ್ಧರಿಸುತ್ತದೆ. ಟಾರ್ಕ್ ಸೆನ್ಸರ್ ಇದ್ದರೆ ತುಳಿದಷ್ಟೇ ನೆರವು ಬರುತ್ತದೆ, ಒಂದೇ ಸುತ್ತಿನಲ್ಲಿ ಕೈಗೆ ಒಗ್ಗುತ್ತದೆ. ಅಗ್ಗದ ಬೈಕುಗಳಲ್ಲಿರುವ ಕೇಡೆನ್ಸ್ ಸೆನ್ಸರ್‌ಗೆ ಪೆಡಲ್ ತಿರುಗುತ್ತಿದೆಯೋ ಇಲ್ಲವೋ ಎಂಬುದಷ್ಟೇ ಗೊತ್ತು, ಎಷ್ಟು ಬಲ ಹಾಕಿದಿರಿ ಎಂಬುದು ಗೊತ್ತಿಲ್ಲ. ತುಳಿಯಲು ಶುರುಮಾಡಿ ಅರೆಕ್ಷಣ ಕಳೆದು ಒಮ್ಮೆಲೇ ನುಗ್ಗುತ್ತದೆ, ನಿಲ್ಲಿಸಿದ ಮೇಲೂ ಒಂದು ಕ್ಷಣ ತಳ್ಳುತ್ತದೆ. ಮೊದಲ ಹತ್ತು ನಿಮಿಷದಲ್ಲಿ ಬೀಳುವವರು ಹೆಚ್ಚಾಗಿ ಇದರಿಂದಲೇ ಬೀಳುತ್ತಾರೆ, ಯು-ಟರ್ನ್ ಹೊಡೆಯುವಾಗ ಅಥವಾ ಮುಂದಿನವರ ಹಿಂದೆ ನಿಲ್ಲುವಾಗ. ಉಪಾಯ ಸುಲಭ. ಹೊರಡುವಾಗ ಅಸಿಸ್ಟ್ 0 ಅಥವಾ 1, ಒಂದು ಕಾಲು ನೆಲದಲ್ಲಿ, ಇನ್ನೊಂದು ಪೆಡಲ್ ಸ್ವಲ್ಪ ಮುಂದೆ ಮೇಲಕ್ಕೆ, ಬ್ರೇಕ್ ಲೀವರ್ ಮೇಲೆ ಎರಡು ಬೆರಳು. ಲೀವರನ್ನು ತುಸು ಎಳೆದರೂ ಮೋಟಾರ್ ಕಡಿತವಾಗಬೇಕು. ಆಗುತ್ತದೋ ಇಲ್ಲವೋ ಎಂದು ಅಂಗಳದಲ್ಲೇ ಪರೀಕ್ಷಿಸಿ. ಆಗದ ಬೈಕನ್ನು ತೆಗೆದುಕೊಳ್ಳಲೇಬೇಡಿ.

ದಪ್ಪ ಟೈರಿನ ಇ-ಬೈಕ್ 28ರಿಂದ 35 ಕೆಜಿ ತೂಗುತ್ತದೆ. ಸವಾರ ಸೇರಿದರೆ ಒಂದು ಕ್ವಿಂಟಲ್ ದಾಟುತ್ತದೆ. ಗುಡ್ಡದ ಇಳಿಜಾರಿನಲ್ಲಿ ಇದನ್ನು ನಿಲ್ಲಿಸಲು ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇದ್ದರೆ ನೆಮ್ಮದಿ. ಕೇಬಲ್ಲಿನದಾದರೂ ನಡೆಯುತ್ತದೆ, ಆದರೆ ಪ್ಯಾಡ್ ಸವೆದಂತೆಲ್ಲ ದಿನಾ ಬಿಗಿಮಾಡಬೇಕು, ಆ ಶ್ರದ್ಧೆ ಎಲ್ಲ ಕಡೆ ಇರುವುದಿಲ್ಲ. ಎರಡು ಬೆರಳಲ್ಲಿ ಜೋರಾಗಿ ಎಳೆದಾಗ ಲೀವರ್ ಹ್ಯಾಂಡಲ್ ಗ್ರಿಪ್‌ಗೆ ತಾಗಬಾರದು. ಇನ್ನೊಂದು ಸಂಗತಿ ಯಾರೂ ಹೇಳುವುದಿಲ್ಲ: ಸ್ಪ್ರೇ ಮಾಡುವ ಸನ್‌ಸ್ಕ್ರೀನನ್ನು ಬೈಕ್ ಪಕ್ಕ ನಿಂತು ಹೊಡೆದುಕೊಂಡರೆ ಅದರ ಎಣ್ಣೆ ಡಿಸ್ಕ್ ಮೇಲೆ ಕೂರುತ್ತದೆ, ಪ್ಯಾಡ್ ಹೀರಿಕೊಳ್ಳುತ್ತದೆ. ಆಮೇಲೆ ಬ್ರೇಕ್ ಕಿರುಚುತ್ತದೆಯೇ ಹೊರತು ಹಿಡಿಯುವುದಿಲ್ಲ, ಪ್ಯಾಡ್ ಬದಲಿಸದೆ ವಿಧಿಯಿಲ್ಲ. ಸೊಳ್ಳೆ ಸ್ಪ್ರೇಯೂ ಹಾಗೆಯೇ; ಅದರಲ್ಲಿ ಡೀಟ್ ಎಂಬ ರಾಸಾಯನಿಕ ಇದ್ದರೆ ಡಿಸ್‌ಪ್ಲೇಯ ಪ್ಲಾಸ್ಟಿಕ್ ಕೂಡ ಮಂಕಾಗುತ್ತದೆ. ಬೈಕಿನಿಂದ ಹತ್ತು ಹೆಜ್ಜೆ ಆಚೆ ನಿಂತು ಹಚ್ಚಿಕೊಳ್ಳಿ.

ಕಡಲ ಪಕ್ಕದ ಬೈಕಿನ ಆರೈಕೆ ಹೇಗಿದೆ ಎಂದು ತಿಳಿಯಲು ಫ್ರೇಮಿನ ಹೊಳಪು ನೋಡಿ ಪ್ರಯೋಜನವಿಲ್ಲ, ಅದನ್ನು ಒರೆಸಿಯೇ ಇಟ್ಟಿರುತ್ತಾರೆ. ಬಗ್ಗಿ ನೋಡಬೇಕಾದ್ದು ಚಕ್ರದ ಕಡ್ಡಿಗಳು ರಿಮ್ ಸೇರುವಲ್ಲಿನ ನಿಪ್ಪಲ್‌ಗಳನ್ನು, ಚೈನಿನ ಒಳಮೈಯನ್ನು, ಚಾರ್ಜಿಂಗ್ ಪೋರ್ಟಿನ ರಬ್ಬರ್ ಮುಚ್ಚಳದ ಒಳಗನ್ನು. ನಿಪ್ಪಲ್ ಸುತ್ತ ಬಿಳಿ ಪುಡಿ, ಪೋರ್ಟಿನ ಪಿನ್ ಮೇಲೆ ಹಸಿರು ಕಿಲುಬು ಕಂಡರೆ ಉಪ್ಪು ತೊಳೆಯುವ ಅಭ್ಯಾಸ ಅಲ್ಲಿಲ್ಲ ಎಂದರ್ಥ. ಡಿಸ್ಕಿನ ಅಂಚಿನ ತೆಳು ಕಂದು ತುಕ್ಕಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ, ಹಿತ್ತಾಳೆಯಂತೆ ಹೊಳೆಯದ ಮಾತ್ರಕ್ಕೆ ಬ್ರೇಕ್ ಕೆಟ್ಟಿಲ್ಲ. ಚೈನಿಗೆ ಕಪ್ಪು ಜಿಡ್ಡು ಮೆತ್ತಿ ಮರಳು ಅಂಟಿದ್ದರೆ ಅದು ಎಣ್ಣೆಯ ಕೆಲಸ ಬಿಟ್ಟು ಅರೆಯುವ ಕೆಲಸ ಮಾಡುತ್ತಿರುತ್ತದೆ. ಮಿಡ್ ಡ್ರೈವ್ ಬೈಕಿನಲ್ಲಿ ಮೋಟಾರಿನ ಬಲವೆಲ್ಲ ಚೈನಿನ ಮೂಲಕವೇ ಹೋಗುವುದರಿಂದ, ಅಂಥ ಚೈನ್ ಏರಿನಲ್ಲಿ ಗೇರ್ ಬದಲಿಸುವಾಗ ತುಂಡಾಗುತ್ತದೆ. ಏರು ಶುರುವಾಗುವ ಮುಂಚೆಯೇ, ಕಾಲಿನ ಒತ್ತಡ ಸಡಿಲಿಸಿ ಗೇರ್ ಬದಲಿಸಬೇಕು.

ಸೀಟಿನ ಎತ್ತರ: ಹಿಮ್ಮಡಿ ಪೆಡಲ್ ಮೇಲಿಟ್ಟು ಅದು ತೀರಾ ಕೆಳಗಿದ್ದಾಗ ಕಾಲು ನೇರವಾಗಬೇಕು. ಮರಳಿನ ಭಾಗಕ್ಕೆ ಒಂದೆರಡು ಬೆರಳು ಇಳಿಸಿಕೊಂಡರೆ ಕಾಲೂರಲು ಸುಲಭ. ಐದಡಿಗಿಂತ ಕಡಿಮೆ ಎತ್ತರದವರು 26 ಇಂಚಿನ ದಪ್ಪ ಟೈರ್ ಬೈಕಿನಲ್ಲಿ ಪರದಾಡುತ್ತಾರೆ, ಸಣ್ಣ ಫ್ರೇಮ್ ಇದೆಯೇ ಎಂದು ಮೊದಲೇ ಕೇಳುವುದು ವಾಸಿ.

ಮರಳು, ನೀರು

ಮರಳಿಗೆ ಇಳಿಯುವ ಮುಂಚೆ ಗುಂಪನ್ನು ನಿಲ್ಲಿಸಿ ಟೈರಿನ ಗಾಳಿ ಇಳಿಸುವ ಗೈಡ್ ಸಿಕ್ಕರೆ ಅರ್ಧ ಮಾರ್ಕ್ಸ್ ಅಲ್ಲೇ ಕೊಟ್ಟುಬಿಡಬಹುದು. ನಾಲ್ಕು ಇಂಚಿನ ಟೈರಿಗೆ ಟಾರು ರಸ್ತೆಯಲ್ಲಿ 15ರಿಂದ 20 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಬೇಕು, ಗಟ್ಟಿ ಒದ್ದೆ ಮರಳಿಗೆ 8ರಿಂದ 10, ಸಡಿಲ ಮರಳಿಗೆ 5–6. ಗಾಳಿ ಕಡಿಮೆಯಾದಷ್ಟು ಟೈರ್ ಅಗಲವಾಗಿ ಹರಡಿ ಹೂಳುವುದು ತಪ್ಪುತ್ತದೆ. ವಾಪಸ್ ರಸ್ತೆಗೆ ಬಂದಾಗ ಮತ್ತೆ ತುಂಬಿಸಬೇಕು, ಅದಕ್ಕೆ ಕೈಪಂಪು ಹೊಡೆಯುತ್ತಾ ಕೂತರೆ ಎಂಟು ಬೈಕಿಗೆ ಅರ್ಧ ಗಂಟೆಯ ಮೇಲಾಗುತ್ತದೆ. ಬ್ಯಾಟರಿ ಪಂಪು ಇಟ್ಟುಕೊಂಡವರು ಜಾಣರು. ತುಂಬಿಸದೆ 6 ಪಿಎಸ್‌ಐನಲ್ಲೇ ರಸ್ತೆ ಹಿಡಿದರೆ ಬ್ಯಾಟರಿ ಬೇಗ ಖಾಲಿ, ಸೇತುವೆಯ ಅಂಚಿಗೆ ಅಥವಾ ಕಲ್ಲಿಗೆ ಹೊಡೆದಾಗ ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬ್ ಸಿಕ್ಕಿ ಜೋಡಿ ತೂತು. ಟೈರಿನಲ್ಲಿ ಮುಳ್ಳೇ ಕಾಣದೆ ಟ್ಯೂಬಿನಲ್ಲಿ ಪಕ್ಕಪಕ್ಕ ಎರಡು ಸೀಳು ಕಂಡರೆ ಕಾರಣ ಇದೇ.

ಸಡಿಲ ಮರಳು ಎದುರಾದಾಗ ಎಲ್ಲರೂ ಮಾಡುವುದು ಅಸಿಸ್ಟ್ 5ಕ್ಕೆ ಏರಿಸಿ ಥ್ರಾಟಲ್ ತಿರುಚುವುದು. ಹಿಂದಿನ ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಚಕ್ರ ತಿರುಗದೆ ಮೋಟಾರಿಗೆ ಕರೆಂಟ್ ಹರಿಯುತ್ತಿದ್ದರೆ ಅದೆಲ್ಲ ಬಿಸಿಯಾಗುತ್ತದೆ, ಹಬ್ ಮೋಟಾರ್ ಮತ್ತು ಕಂಟ್ರೋಲರ್ ಸುಡುವುದು ಹೀಗೆ. ಸಡಿಲ ಮರಳಿಗೆ ಹತ್ತು ಮೀಟರ್ ಮುಂಚೆಯೇ ಹಗುರ ಗೇರ್, ಅಸಿಸ್ಟ್ 2, ಭಾರ ಸ್ವಲ್ಪ ಹಿಂದಕ್ಕೆ, ಹ್ಯಾಂಡಲ್ ಸಡಿಲ ಹಿಡಿತ, ನಿಲ್ಲದ ಒಂದೇ ಲಯದ ತುಳಿತ. ಮುಂದಿನ ಬ್ರೇಕ್ ಮುಟ್ಟಬೇಡಿ. ಸಿಕ್ಕಿಕೊಂಡರೆ ಇಳಿಯಿರಿ, ಬೈಕನ್ನು ನಡಿಗೆಯ ವೇಗದಲ್ಲಿ ಮುಂದೆ ತಳ್ಳುವ ವಾಕ್ ಮೋಡ್ ಹಾಕಿ ಪಕ್ಕದಲ್ಲಿ ನಡೆಯಿರಿ. ಆ ಬಟನ್ ಎಲ್ಲಿದೆ ಎಂದು ಹೊರಡುವ ಮುಂಚೆ ತೋರಿಸದ ಗೈಡ್‌ಗಳೇ ಜಾಸ್ತಿ.

ಮೇಲಿನ ದಿಬ್ಬದ ಮೇಲೆ ಹಬ್ಬಿರುವ ಅಡುಂಬು ಬಳ್ಳಿಯ ಮೇಲೆ ಬೈಕ್ ಹತ್ತಿಸುವುದು ಬೇಡವೇ ಬೇಡ. ಆ ಬಳ್ಳಿಯೇ ದಿಬ್ಬದ ಮರಳನ್ನು ಹಿಡಿದಿಟ್ಟಿರುವುದು. ಆಮೆ ಮೊಟ್ಟೆಯಿಡುವ ತೀರವಾದರೆ ಕೊನೆಯ ಉಬ್ಬರದ ಗೆರೆಯಿಂದ ಕೆಳಗೆ, ಒದ್ದೆ ಮರಳಿನಲ್ಲಿ ಮಾತ್ರ ಓಡಿಸಬೇಕು. ದಪ್ಪ ಟೈರಿನ ಆಳದ ಗೆರೆಯಲ್ಲಿ ಬಿದ್ದ ಮರಿ ಮೇಲೆ ಹತ್ತಲಾರದೆ ಸಮುದ್ರ ಸೇರುವುದೇ ಇಲ್ಲ. ಅಂಥ ತೀರದಲ್ಲಿ ಕತ್ತಲಾದ ಮೇಲೆ ಹೆಡ್‌ಲೈಟ್ ಹಾಕಿಕೊಂಡು ಮರಳಿನ ಮೇಲೆ ಓಡಿಸುವ ಟೂರ್ ಎಷ್ಟೇ ಅಗ್ಗವಿದ್ದರೂ ಬೇಡ. ಬೆಳಕಿನ ಕಡೆಗೇ ಮರಿಗಳು ದಾರಿ ತಪ್ಪಿ ನಡೆಯುತ್ತವೆ.

ಅಲೆಯ ನೊರೆಯಲ್ಲಿ ನೀರು ಚಿಮ್ಮಿಸುತ್ತಾ ಓಡಿಸುವ ಫೋಟೋ ಪ್ರತಿ ಜಾಹೀರಾತಿನಲ್ಲೂ ಇರುತ್ತದೆ. ಬೈಕಿಗೆ ಅದಕ್ಕಿಂತ ಕೆಟ್ಟದ್ದು ಇನ್ನಿಲ್ಲ. ಇ-ಬೈಕ್ ಮಳೆ ತಡೆಯುತ್ತದೆ, ಮುಳುಗುವುದನ್ನು ತಡೆಯುವುದಿಲ್ಲ. ಬಿಸಿಯಾದ ಹಬ್ ಮೋಟಾರ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಆಕ್ಸಲ್ ಪಕ್ಕದ ಕೇಬಲ್ ಸಂದಿಯಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ಉಪ್ಪು ನೀರಾದ್ದರಿಂದ ಅವತ್ತೇನೂ ಆಗದೆ ಒಂದೆರಡು ವಾರದಲ್ಲಿ ಬೇರಿಂಗ್ ಕರಕರ ಎನ್ನುತ್ತದೆ, ಆ ಬೈಕ್ ಮುಂದಿನ ಗಿರಾಕಿಗೆ ಸಿಗುತ್ತದೆ. ಮಿಡ್ ಡ್ರೈವ್ ಇನ್ನೂ ತಗ್ಗಿನಲ್ಲಿರುತ್ತದೆ. ಅಳಿವೆಯ ಬಳಿ ಸಣ್ಣ ತೊರೆ ದಾಟಬೇಕಾದರೆ ಪಾದದ ಗಂಟಿನವರೆಗಿನ ನೀರು ಸರಿ, ಅದಕ್ಕಿಂತ ಆಳವಿದ್ದರೆ ಸೇತುವೆ ಹುಡುಕಬೇಕು. ವಾಪಸ್ ಬಂದ ಬೈಕನ್ನು ಸಿಹಿನೀರಿನಲ್ಲಿ ಮೆಲ್ಲಗೆ ತೊಳೆಯುತ್ತಾರೋ, ಪ್ರೆಷರ್ ವಾಷರ್ ಹಿಡಿಯುತ್ತಾರೋ ಎಂದೂ ಗಮನಿಸಿ. ಜೋರು ನೀರು ಉಪ್ಪನ್ನು ಬೇರಿಂಗಿನ ಸೀಲ್ ದಾಟಿಸಿ ಒಳಗೇ ಕಳಿಸುತ್ತದೆ.

ಪಂಕ್ಚರ್ ಆದಾಗ

ಕೇದಗೆ ಎಲೆಯ ಮುಳ್ಳು, ಒಡೆದ ಚಿಪ್ಪು, ಮೀನುಗಾಳದ ತುಂಡು. ಕರಾವಳಿ ಹಾದಿಯಲ್ಲಿ ಪಂಕ್ಚರ್ ಅಪರೂಪವಲ್ಲ. ಹಬ್ ಮೋಟಾರಿನ ಹಿಂಚಕ್ರ ಬಿಚ್ಚಲು 18 ಎಂ.ಎಂ. ಸ್ಪ್ಯಾನರ್ ಬೇಕಾಗುವುದೇ ಹೆಚ್ಚು, ಮೋಟಾರಿನ ಕೇಬಲ್ ಕನೆಕ್ಟರ್ ಕಳಚಬೇಕು, ಮತ್ತೆ ಹಾಕುವಾಗ ಎರಡೂ ಬದಿಯ ಬಾಣದ ಗುರುತು ಹೊಂದಿಸಿ ನೇರವಾಗಿ ಒತ್ತಬೇಕು. ತಿರುಚಿ ಒತ್ತಿದರೆ ಒಳಗಿನ ಪಿನ್ ಬಗ್ಗುತ್ತದೆ, ಟೂರ್ ಅಲ್ಲಿಗೇ ಮುಗಿಯಿತು. ಆಕ್ಸಲ್ ತಿರುಗದಂತೆ ಹಿಡಿಯುವ ಟಾರ್ಕ್ ವಾಷರ್ ತಿರುಗುಮುರುಗಾದರೆ ಮೋಟಾರ್ ತಿರುಗುವ ಬದಲು ಆಕ್ಸಲ್ಲೇ ತಿರುಗಿ ಕೇಬಲ್ ಹರಿಯುತ್ತದೆ. ಅನುಭವಿ ಗೈಡ್ ಚಕ್ರ ಬಿಚ್ಚುವುದೇ ಇಲ್ಲ. ಬೈಕ್ ಮಲಗಿಸಿ, ಟೈರಿನ ಒಂದು ಬದಿ ಎಬ್ಬಿಸಿ, ತೂತಾದ ಕಡೆಯ ಟ್ಯೂಬನ್ನಷ್ಟೇ ಹೊರಗೆಳೆದು ಪ್ಯಾಚ್ ಹಾಕುತ್ತಾನೆ; ಹತ್ತು ಹದಿನೈದು ನಿಮಿಷದ ಕೆಲಸ. ಗೈಡ್ ಚೀಲದಲ್ಲಿ ಪ್ಯಾಚ್, ಆ ಅಳತೆಯದೇ ಟ್ಯೂಬ್, ಟೈರ್ ಲೀವರ್, ಚೈನ್ ಲಿಂಕ್, ಸ್ಪ್ಯಾನರ್, ಕೇಬಲ್ ಟೈ ಇರಬೇಕು. 'ಫೋನ್ ಮಾಡಿದರೆ ವ್ಯಾನ್ ಬರುತ್ತದೆ' ಎನ್ನುವ ಉತ್ತರ ರಸ್ತೆ ಬದಿಯಲ್ಲಿ ಸರಿ, ವ್ಯಾನ್ ಬರಲಾಗದ ಬೀಚಿನ ನಡುವೆ ಅಲ್ಲ.

ತೆಂಗಿನ ತೋಪಿನಲ್ಲಿ ಇನ್ನೊಂದು ಅಪಾಯ ಬಿದ್ದ ಗರಿ. ಅದರ ಮೇಲೆ ಹತ್ತಿಸಿದರೆ ಕಡ್ಡಿ ಎದ್ದು, ಗೇರ್ ಬದಲಿಸಲು ಚೈನನ್ನು ಸರಿಸುವ ಡಿರೇಲರ್‌ಗೆ ಸಿಕ್ಕಿ, ಅದನ್ನು ಚಕ್ರದ ಒಳಗೆ ಎಳೆದುಬಿಡುತ್ತದೆ.

ಬಿಸಿಲು, ಸಿಡಿಲು

ಬೈಕ್ ಓಡುತ್ತಿರುವಾಗ ಬೆವರು ಗಾಳಿಗೆ ಆರಿಹೋಗುವುದರಿಂದ ಎಷ್ಟು ನೀರು ಹೋಯಿತೆಂದು ಗೊತ್ತಾಗುವುದಿಲ್ಲ. ನಿಂತ ಕೂಡಲೇ ಧಾರಾಕಾರ. ಗಂಟೆಗೆ ಮುಕ್ಕಾಲು ಲೀಟರ್ ಲೆಕ್ಕದಲ್ಲಿ ನಾಲ್ಕು ಗಂಟೆಗೆ ಮೂರು ಲೀಟರ್. ಟೂರಿನವರು ಕೊಡುವ ಒಂದು ಅರ್ಧ ಲೀಟರ್ ಬಾಟಲಿ ಶಾಸ್ತ್ರಕ್ಕೆ. ನಡುವೆ ಎಲ್ಲಿ ತುಂಬಿಸಿಕೊಳ್ಳಬಹುದು ಎಂದು ಕೇಳಿ, ಒಂದು ಪೊಟ್ಟಣ ಓಆರ್‌ಎಸ್ ಜೊತೆಗಿರಲಿ. ನಿಲ್ಲುವ ಜಾಗ ನೆರಳಿನಲ್ಲಿರಬೇಕು, ವ್ಯೂಪಾಯಿಂಟ್ ಎಷ್ಟೇ ಚೆಂದವಿದ್ದರೂ. ಬ್ಯಾಟರಿಗೂ ಅದೇ ನಿಯಮ. ಉಷ್ಣವಲಯದ ಬೇಸಿಗೆಯಲ್ಲಿ ಯುವಿ (ಅತಿನೇರಳೆ ಕಿರಣ) ಸೂಚ್ಯಂಕ 11 ದಾಟುವುದು ಮಾಮೂಲು, ಒಣ ಮರಳು ಶೇ 15ರಷ್ಟನ್ನು ಕೆಳಗಿನಿಂದಲೂ ವಾಪಸ್ ಎರಚುತ್ತದೆ. ಹ್ಯಾಂಡಲ್ ಹಿಡಿದ ಮುಂಗೈ, ಮೊಣಕಾಲಿನ ಮೇಲ್ಭಾಗ, ಕತ್ತಿನ ಹಿಂಭಾಗ, ಮೊದಲು ಸುಡುವುದು ಇವೇ ಮೂರು. ತುಂಬು ತೋಳಿನ ತೆಳು ಅಂಗಿ ಯಾವ ಕ್ರೀಮಿಗೂ ಕಮ್ಮಿಯಿಲ್ಲ.

ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ತೆರೆದ ತೀರ ಬಿಟ್ಟು ಕಟ್ಟಡದೊಳಗೆ ಹೋಗಬೇಕು, ಕೊನೆಯ ಗುಡುಗು ಕೇಳಿಸಿ 30 ನಿಮಿಷ ಕಳೆಯುವವರೆಗೆ ಹೊರಬರಬಾರದು. ತೆಂಗಿನ ಮರದಡಿ ನಿಲ್ಲುವುದು ಆಶ್ರಯವಲ್ಲ. ಹವಾಮಾನದಿಂದ ರದ್ದಾದರೆ ಹಣ ವಾಪಸ್ ಕೊಡುವ ಕಂಪನಿಯ ಗೈಡ್ ಇಂಥ ಹೊತ್ತಿನಲ್ಲಿ ಧೈರ್ಯವಾಗಿ ನಿಲ್ಲಿಸುತ್ತಾನೆ. ಕೊಡದ ಕಂಪನಿಯವನು ಆಕಾಶ ನೋಡುತ್ತಾ 'ಏನಾಗಲ್ಲ ಬನ್ನಿ' ಎನ್ನುತ್ತಾನೆ. ಸೂರ್ಯಾಸ್ತದ ಟೂರ್ ಆದರೆ ಇನ್ನೊಂದು ವಿಷಯ: ಉಷ್ಣವಲಯದಲ್ಲಿ ಸೂರ್ಯ ಮುಳುಗಿ 20–25 ನಿಮಿಷಕ್ಕೆ ಕತ್ತಲು. ಸೂರ್ಯಾಸ್ತ ನೋಡಿ ಎಂಟು ಕಿ.ಮೀ. ವಾಪಸ್ ಬರಬೇಕಿದ್ದರೆ ಅದು ರಾತ್ರಿ ಸವಾರಿಯೇ. ಮುಂದೆ ಹಿಂದೆ ಲೈಟ್ ಉರಿಯುತ್ತದೆಯೇ ಎಂದು ಹಗಲಲ್ಲೇ ನೋಡಿ.

ಗೈಡ್

ಆರರಿಂದ ಎಂಟು ಜನಕ್ಕೆ ಮುಂದೊಬ್ಬ, ಹಿಂದೊಬ್ಬ ಇರಬೇಕು. ಒಬ್ಬನೇ ಇದ್ದರೆ ನಾಲ್ಕೈದು ಜನಕ್ಕೆ ಮಿತಿ. ಒಬ್ಬನೇ ಮುಂದೆ ಹೋಗುತ್ತಾ ತಿರುವಿನಲ್ಲಿ ಯಾರನ್ನೂ ನಿಲ್ಲಿಸದಿದ್ದರೆ ಕೊನೆಯವರು ದಾರಿ ತಪ್ಪುವುದು ಖಚಿತ. ವೇಗ ನಿಧಾನದವರದ್ದಾಗಿರಬೇಕು, ಗಂಟೆಗೆ 12ರಿಂದ 15 ಕಿ.ಮೀ. ಸಾಕು. ಆ ವೇಗದಲ್ಲೇ ತೀರ ಕಾಣಿಸುವುದು: ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಉಸಿರುಬೇರು ಕೆಸರಿನಿಂದ ಮೇಲೆದ್ದಿರುವುದು, ಇಂಡೋ-ಪೆಸಿಫಿಕ್ ತೀರಗಳಲ್ಲಾದರೆ ಇಳಿತದ ಮರಳಿನ ಮೇಲೆ ಪುಟ್ಟ ಏಡಿಗಳು ಬಿಲದ ಸುತ್ತ ಕಿರಣಗಳಂತೆ ಜೋಡಿಸಿಟ್ಟ ಸಾಸಿವೆ ಗಾತ್ರದ ಮರಳುಂಡೆಗಳು. ಏಡಿ ಮರಳಿನಲ್ಲಿದ್ದ ಆಹಾರ ಸೋಸಿಕೊಂಡು ಉಳಿದದ್ದನ್ನು ಉಂಡೆ ಮಾಡಿ ಎಸೆಯುತ್ತದೆ. ಉಂಡೆಗಳು ದಟ್ಟವಾಗಿದ್ದಷ್ಟು ನೀರು ಇಳಿದು ಹೆಚ್ಚು ಹೊತ್ತಾಗಿದೆ ಎಂದರ್ಥ. ಇದನ್ನು ತೋರಿಸಿ, ಅದರ ಮೇಲೇ ವಾಪಸ್ ಹೊತ್ತಿನ ಲೆಕ್ಕ ಹೇಳುವ ಗೈಡ್ ಇದ್ದರೆ ಕೊಟ್ಟ ಹಣ ಸಾರ್ಥಕ. ಸೆಲ್ಫಿ ಪಾಯಿಂಟ್‌ಗಳ ಪಟ್ಟಿ ಒಪ್ಪಿಸುವವನಾದರೆ ಬರಿ ಬಾಡಿಗೆ ಬೈಕೇ ಸಾಕಿತ್ತು.

ಸೈಕಲ್ ತುಳಿಯಲು ಬರುವ, ಆದರೆ 30 ಕಿ.ಮೀ. ತುಳಿಯುವ ಕಸುವಿಲ್ಲದವರಿಗೆ ಇದು ಹೇಳಿಮಾಡಿಸಿದ್ದು. ಗಂಡ ಹೆಂಡತಿಯಲ್ಲಿ ಒಬ್ಬರು ಗಟ್ಟಿ ಒಬ್ಬರು ಮೆದು ಇದ್ದರೂ ಜೊತೆಯಾಗಿ ಹೋಗಬಹುದು, ಇ-ಬೈಕಿನ ದೊಡ್ಡ ಉಪಕಾರ ಅದು. ಸೈಕಲ್ಲೇ ಬಾರದವರು ಮೋಟಾರ್ ಇದೆಯಲ್ಲ ಎಂದು ಹೊರಡಬಾರದು; ಸಮತೋಲನಕ್ಕೆ ಮೋಟಾರ್ ನೆರವಾಗುವುದಿಲ್ಲ, 30 ಕೆಜಿ ಮೈಮೇಲೆ ಬಿದ್ದರೆ ಪೆಟ್ಟು ಜಾಸ್ತಿಯೇ.

ಕೊನೆಗೆ ಸಹಿ ಹಾಕಿಸುವ ಫಾರ್ಮ್. 'ನೀರಿನಿಂದಾದ ಹಾನಿಗೆ ಸವಾರರೇ ಹೊಣೆ' ಎಂಬ ಸಾಲು ಬಹಳ ಕಡೆ ಇರುತ್ತದೆ. ಗೈಡ್ ಕರೆದೊಯ್ದ ದಾರಿಯಲ್ಲೇ ನೀರು ದಾಟಿದರೂ ಅದು ಅನ್ವಯಿಸುತ್ತದೆಯೇ ಎಂದು ಕೇಳಿ, ಇಲ್ಲವೆಂದರೆ ಆ ಸಾಲಿನ ಪಕ್ಕ ಅಷ್ಟನ್ನು ಬರೆಸಿಕೊಳ್ಳಿ. ಹೊರಡುವ ಮುಂಚೆ ಬೈಕಿನ ಎರಡೂ ಬದಿ, ಡಿಸ್‌ಪ್ಲೇಯಲ್ಲಿನ ವೋಲ್ಟೇಜ್ ಮತ್ತು ಓಡಿದ ಕಿ.ಮೀ., ಚಾರ್ಜಿಂಗ್ ಪೋರ್ಟ್, ಡಿರೇಲರ್, ಇಷ್ಟರ ಫೋಟೋ ತೆಗೆದಿಡಿ. ಹಳೆಯ ತುಕ್ಕಿಗೆ ಹೊಸ ಗಿರಾಕಿ ದಂಡ ಕಟ್ಟುವುದು ಇದರಿಂದ ತಪ್ಪುತ್ತದೆ.